ಬಾಗಿಲ ಹೊರಗಿನ ಇಂಗ್ಲಿಷು

ನನಗೆ ಬರುವ ಇಂಗ್ಲಿಷಿನಲ್ಲಿ ಮುಕ್ಕಾಲು ಪಾಲನ್ನು ನಾನು ಕ್ಲಾಸಿನ ಹೊರಗೆ ನಿಂತು ಕಲಿತೆ. ಜಂಬಕ್ಕೆ ಹೇಳುತ್ತಿಲ್ಲ, ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರ ಶಿಕ್ಷೆಯ ಕ್ರಮವೇ ಹಾಗಿತ್ತು. ತಡವಾಗಿ ಬಂದವನಿಗೆ ಅವರು ಬೆತ್ತ ತೋರಿಸುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಎಚ್ಚೆಮ್ಟಿ ಗಡಿಯಾರ ಕಟ್ಟಿದ ಎಡಗೈಯನ್ನು ಒಮ್ಮೆ ಎತ್ತಿ ನೋಡಿಕೊಂಡು, ಬಲಗೈ ಬೆರಳಲ್ಲಿ ಜಗಲಿ ತೋರಿಸುತ್ತಿದ್ದರು. ಜಗಲಿಯಲ್ಲಿ ಕಂಬಕ್ಕೆ ಒರಗದೆ ನಿಂತು, ಹೊತ್ತಿಗೆ ಸಂಬಂಧಪಟ್ಟ ಒಂದು ಇಂಗ್ಲಿಷ್ ನುಡಿಗಟ್ಟನ್ನು ಐವತ್ತು ಸಲ ಇಂಪೊಸಿಷನ್ ಬರೆಯಬೇಕು. ಒಂದು ದಿನ ‘ಬೆಟರ್ ಲೇಟ್ ದ್ಯಾನ್ ನೆವರ್’, ಇನ್ನೊಂದು ದಿನ ‘ಟೈಮ್ ಅಂಡ್ ಟೈಡ್’, ಮತ್ತೊಂದು ದಿನ ‘ಅರ್ಲಿ ಬರ್ಡ್’. ಹೊತ್ತಿಗೆ ಸರಿಯಾಗಿ ಬಂದು ಒಳಗೆ ಕೂತವರು ವ್ಯಾಕರಣ ಕಲಿತು ಎಂಜಿನಿಯರುಗಳಾದರು. ನುಡಿಗಟ್ಟುಗಳೆಲ್ಲ ನನ್ನ ಪಾಲಿಗೆ ಬಂದವು.

ಬರೆದದ್ದು ಮಾತ್ರ, ಅರ್ಥ ಕೇಳಲಿಲ್ಲ. ಐವತ್ತು ಸಲ ಬರೆಯುವವನಿಗೆ ಅರ್ಥ ಕೇಳುವಷ್ಟು ಪುರುಸೊತ್ತು ಎಲ್ಲಿ? ಮೂವತ್ತು ನಲವತ್ತು ವರ್ಷ ಕಳೆದ ಮೇಲೆ, ಈಗ ಒಂದೊಂದಾಗಿ ನಿಘಂಟು ತೆಗೆದು ನೋಡುತ್ತಿದ್ದೇನೆ. ಅದೂ ತಡವೇ.

ಮೊದಲು ನೋಡಿದ್ದು ‘ಪಂಕ್ಚುವಲ್’. ಅದಕ್ಕೊಂದು ಕಾರಣವಿದೆ. ಒಂದು ದಿನ ಜಗಲಿ ತಪ್ಪಿಸಿಕೊಳ್ಳಲು ನಾನು, “ಸೈಕಲ್ ಪಂಕ್ಚರ್ ಆಗಿತ್ತು ಸಾರ್” ಅಂದೆ. ನನಗೆ ಸೈಕಲ್ಲೇ ಇರಲಿಲ್ಲ. ಅದು ಮೇಷ್ಟ್ರಿಗೂ ಗೊತ್ತಿತ್ತು. “ಪಂಕ್ಚುವಲ್ ಆಗಿ ಬಾರೋ ಅಂದರೆ ಪಂಕ್ಚರ್ ಆಗಿ ಬರ್ತೀಯಲ್ಲೋ” ಅಂದರು. ಇಡೀ ಕ್ಲಾಸು ನಕ್ಕಿತು. ಆ ತಮಾಷೆ ನಿಘಂಟಿನಲ್ಲಿ ಅಕ್ಷರಶಃ ನಿಜವಾಗಿ ಕೂತಿದೆ. ಲ್ಯಾಟಿನ್ನಿನಲ್ಲಿ ‘ಪುಂಗೆರೆ’ ಅಂದರೆ ಚುಚ್ಚು. ಚುಚ್ಚಿದ ಜಾಗದಲ್ಲಿ ಉಳಿಯುವ ಗುರುತು ‘ಪುಂಕ್ತುಂ’, ಅಂದರೆ ಚುಕ್ಕೆ. ಚುಕ್ಕೆಗೆ ಸರಿಯಾಗಿ ಬಂದವನು ಪಂಕ್ಚುವಲ್, ಮುಳ್ಳು ಚುಚ್ಚಿದ ಚಕ್ರ ಪಂಕ್ಚರ್, ವಾಕ್ಯದ ಕೊನೆಗೆ ಇಡುವ ಚುಕ್ಕೆ ಪಂಕ್ಚುವೇಷನ್. ಮೂರೂ ಒಂದೇ ತಾಯಿಯ ಮಕ್ಕಳು. ಒಂದೇ ಮನೆಯಲ್ಲಿ ಒಬ್ಬ ಹೊತ್ತಿಗೆ ಸರಿಯಾಗಿ ಬರುವವನು, ಇನ್ನೊಬ್ಬ ಅದನ್ನು ತಪ್ಪಿಸುವವನು ಹುಟ್ಟುವುದು ನಮ್ಮ ಸಂಸಾರಗಳಲ್ಲೂ ಉಂಟಷ್ಟೆ.

‘ಆನ್ ದ ಡಾಟ್’ ಅನ್ನುವುದರ ಚುಕ್ಕೆಯೇ ಬೇರೆ. ಅದು ಗಡಿಯಾರದ ಮುಖದ ಮೇಲೆ ನಿಮಿಷಕ್ಕೊಂದರಂತೆ ಇಟ್ಟಿರುವ ಚುಕ್ಕೆ. ಮುಳ್ಳು ಅದರ ಮೇಲೆ ನಿಂತಾಗ ಬಂದವನು ಆನ್ ದ ಡಾಟ್. ಈ ನುಡಿಗಟ್ಟಿಗೆ ವಯಸ್ಸು ಹೆಚ್ಚಿಲ್ಲ. ಇಪ್ಪತ್ತನೆಯ ಶತಮಾನದ ಆಸುಪಾಸಿನ ಕೂಸು. ಅದಕ್ಕೂ ಹಿಂದೆ, ಹೈಗೆನ್ಸ್ ಎಂಬ ಡಚ್ ಪಂಡಿತ 1656ರಲ್ಲಿ ಲೋಲಕದ ಗಡಿಯಾರ ಕಟ್ಟುವ ತನಕ, ಹೆಚ್ಚಿನ ಗಡಿಯಾರಗಳಿಗೆ ನಿಮಿಷದ ಮುಳ್ಳೇ ಇರಲಿಲ್ಲ. ಇದ್ದದ್ದು ಗಂಟೆಯದೊಂದೇ ಮುಳ್ಳು, ಅದೂ ದಿನಕ್ಕೆ ಕಾಲು ಗಂಟೆ ಹಿಂದೆಯೋ ಮುಂದೆಯೋ. ಷೇಕ್ಸ್‌ಪಿಯರ್ ನಾಟಕದ ತಾಲೀಮಿಗೆ ಹತ್ತು ನಿಮಿಷ ತಡವಾಗಿ ಬಂದಿದ್ದರೆ ಅದನ್ನು ಸಾಬೀತು ಮಾಡುವ ಯಂತ್ರವೇ ಹತ್ತಿರದಲ್ಲಿ ಇರುತ್ತಿರಲಿಲ್ಲ. ನಾನು ಮುನ್ನೂರು ವರ್ಷ ತಡವಾಗಿ ಹುಟ್ಟಿದೆ.

ಅದಕ್ಕೂ ಹಿಂದಕ್ಕೆ ಹೋದರೆ ಮುಳ್ಳೂ ಇಲ್ಲ, ಮುಖವೂ ಇಲ್ಲ. ಸಾಲ್ಸ್‌ಬರಿ ಕೆಥೆಡ್ರಲ್ಲಿನಲ್ಲಿ 1386ರದು ಎಂದು ಹೇಳುವ ಒಂದು ಗಡಿಯಾರವಿದೆ. ಅದಕ್ಕೆ ಡಯಲ್ಲೇ ಇಲ್ಲ. ಕಬ್ಬಿಣದ ಚೌಕಟ್ಟು, ಹಲ್ಲಿನ ಚಕ್ರಗಳು, ಹಗ್ಗಕ್ಕೆ ಕಟ್ಟಿದ ಭಾರ, ಅಷ್ಟೆ. ಅದರ ಕೆಲಸ ತೋರಿಸುವುದಲ್ಲ, ಬಾರಿಸುವುದು. ‘ಕ್ಲಾಕ್’ ಎಂಬ ಶಬ್ದದ ಮೂಲ ಅರ್ಥವೇ ಗಂಟೆ, ಅಂದರೆ ದೇವಸ್ಥಾನದಲ್ಲಿ ಹೊಡೆಯುತ್ತೇವಲ್ಲ, ಆ ಗಂಟೆ. ಫ್ರೆಂಚರ ‘ಕ್ಲೋಶ್’, ಜರ್ಮನರ ‘ಗ್ಲೊಕೆ’ ಇವತ್ತಿಗೂ ಬಾರಿಸುವ ಗಂಟೆಗಳೇ. ‘ಟೆನ್ ಓ ಕ್ಲಾಕ್’ ಅಂದರೆ ‘ಟೆನ್ ಆಫ್ ದ ಕ್ಲಾಕ್’, ಗಂಟೆಯ ಹತ್ತನೆಯ ಪೆಟ್ಟು. ಇದನ್ನು ಓದಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಾವೂ ‘ಎಷ್ಟು ಗಂಟೆ?’ ಎಂದೇ ಕೇಳುವುದು. ಒಂದೂರಿನವರು ಇನ್ನೊಂದೂರಿನವರನ್ನು ಕೇಳದೆ ಒಂದೇ ಕೆಲಸ ಮಾಡಿದ್ದಾರೆ.

ನಿಮಿಷದ ವಿಷಯದಲ್ಲಿ ಮಾತ್ರ ದಾರಿ ಬೇರೆಯಾಯಿತು. ಅವರ ‘ಮಿನಿಟ್’ ಅಂದರೆ ಸಣ್ಣಗೆ ಕೊಚ್ಚಿದ ತುಂಡು, ‘ಸೆಕೆಂಡ್’ ಅಂದರೆ ಎರಡನೆಯ ಸಲ ಕೊಚ್ಚಿದ್ದು. ಹುರುಳೀಕಾಯಿ ಹೆಚ್ಚಿದ ಲೆಕ್ಕ. ನಮ್ಮ ನಿಮಿಷ ಅಂದರೆ ಕಣ್ಣಿನ ರೆಪ್ಪೆ ಮಿಟುಕಿಸುವಷ್ಟು ಹೊತ್ತು. ದೇವತೆಗಳು ರೆಪ್ಪೆ ಬಡಿಯುವುದಿಲ್ಲವಾದ್ದರಿಂದ ಅವರು ಅನಿಮಿಷರು. ಅವರಿಗೆ ನಿಮಿಷವೇ ಇಲ್ಲ. ಲೇಟಾಗುವ ಪ್ರಶ್ನೆಯೂ ಇಲ್ಲ.

ಜಗಲಿಯಲ್ಲಿ ನಾನು ಅತಿ ಹೆಚ್ಚು ಸಲ ಬರೆದದ್ದು ‘ಇನ್ ದ ನಿಕ್ ಆಫ್ ಟೈಮ್’. ಬಾಗಿಲು ಮುಚ್ಚುವುದಕ್ಕೂ ನಾನು ನುಗ್ಗುವುದಕ್ಕೂ ಸರಿಹೋದ ದಿನಗಳಲ್ಲಿ ಮೇಷ್ಟ್ರು ಇದನ್ನು ಕೊಡುತ್ತಿದ್ದರು. ತಪ್ಪಿಸಿಕೊಂಡೆ ಅಂದುಕೊಂಡರೂ ಐವತ್ತು ಸಲ ತಪ್ಪುತ್ತಿರಲಿಲ್ಲ. ನಿಕ್ ಅಂದರೆ ಚಾಕುವಿನಲ್ಲಿ ಮಾಡಿದ ಕಚ್ಚು. ಸರಿಯಾದ ಜಾಗಕ್ಕೆ ಬಿದ್ದ ಗುರುತು ಎಂಬ ಅರ್ಥದಲ್ಲಿ ಹದಿನಾರನೆಯ ಶತಮಾನದಿಂದಲೇ ಇದೆ. ಸಾಲದ ಲೆಕ್ಕಕ್ಕೆ ಕೋಲಿನ ಮೇಲೆ ಹಾಕುತ್ತಿದ್ದ ಕಚ್ಚಿನಿಂದ ಈ ನುಡಿ ಬಂತು ಎನ್ನುವವರಿದ್ದಾರೆ. ಪಂಡಿತರು ಇದನ್ನು ಪೂರ್ತಿ ಒಪ್ಪಲಿ ಬಿಡಲಿ, ನಾನು ಆ ಕೋಲನ್ನು ಬಿಡುವವನಲ್ಲ. ಯಾಕೆಂದರೆ ಅದರ ಹಿಂದೆ ಒಂದು ದೊಡ್ಡ ಬೆಂಕಿಯ ಕತೆಯಿದೆ.

ನಮ್ಮಜ್ಜಿ ಹಾಲಿನವಳ ಲೆಕ್ಕವನ್ನು ಅಡುಗೆಮನೆ ಗೋಡೆಯ ಮೇಲೆ ಇದ್ದಲಿನಲ್ಲಿ ಗೀರಿಡುತ್ತಿದ್ದಳು. ಪಾವಿಗೆ ಒಂದು ಗೀರು, ಅರ್ಧ ಪಾವಿಗೆ ಅರ್ಧ ಗೀರು. ಇಂಗ್ಲೆಂಡಿನ ಖಜಾನೆಯ ಲೆಕ್ಕವೂ ಏಳುನೂರು ವರ್ಷ ಹೆಚ್ಚು ಕಡಿಮೆ ಹೀಗೇ ನಡೆಯಿತು. ಗೋಡೆಯ ಬದಲು ಕೋಲು, ಅಷ್ಟೆ. ಸಾವಿರ ಪೌಂಡಿಗೆ ಅಂಗೈ ಅಗಲದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಬಲಿತ ಜವೆಕಾಳಿನಷ್ಟು. ಪೆನ್ನಿಗೆ ಮರವನ್ನು ಕೆತ್ತುವುದೂ ಇಲ್ಲ, ಸುಮ್ಮನೆ ಒಂದು ಗೀರು. ಆಮೇಲೆ ಕೋಲನ್ನು ಉದ್ದಕ್ಕೆ ಸೀಳಿ, ಕೊಟ್ಟವನಿಗೊಂದು ಹೋಳು, ತೆಗೆದುಕೊಂಡವನಿಗೊಂದು ಹೋಳು. ಲೆಕ್ಕ ತೀರಿಸುವ ದಿನ ಎರಡನ್ನೂ ಜೋಡಿಸಿದರೆ ಕಚ್ಚಿಗೆ ಕಚ್ಚು ಕೂಡಬೇಕು. ಕೊಟ್ಟವನ ಕೈಯಲ್ಲಿರುವ ದೊಡ್ಡ ಹೋಳಿಗೆ ‘ಸ್ಟಾಕ್’ ಎಂದು ಹೆಸರು. ಇವತ್ತು ಷೇರುಪೇಟೆಯಲ್ಲಿ ಜನ ಸ್ಟಾಕ್ ಸ್ಟಾಕ್ ಎಂದು ನಿದ್ದೆಗೆಡುವುದು ಆ ಮರದ ಸೀಳಿಗಾಗಿ.

ಈ ಪದ್ಧತಿಯನ್ನು ನಿಲ್ಲಿಸಬೇಕೆಂದು 1782ರಲ್ಲೇ ಕಾನೂನಾಯಿತು. ಜಾರಿಗೆ ಬಂದದ್ದು 1826ರಲ್ಲಿ. (ನಲವತ್ತನಾಲ್ಕು ವರ್ಷ. ಜಗಲಿಗೆ ಯಾರನ್ನೂ ಕಳಿಸಲಿಲ್ಲ.) ಉಳಿದ ಕೋಲುಗಳನ್ನು ಏನು ಮಾಡುವುದೆಂದು ಮತ್ತೆ ಎಂಟು ವರ್ಷ ಯೋಚಿಸಿ, ಕೊನೆಗೆ 1834ರ ಅಕ್ಟೋಬರ್ 16ರಂದು, ಎರಡು ಗಾಡಿಯಷ್ಟು ಕೋಲುಗಳನ್ನು ಪಾರ್ಲಿಮೆಂಟಿನ ಹೌಸ್ ಆಫ್ ಲಾರ್ಡ್ಸ್ ಕೆಳಗಿನ ಒಲೆಗಳಿಗೆ ತುಂಬಿದರು. ಒಣಗಿದ ಸೌದೆ, ಸಿಕ್ಕಾಪಟ್ಟೆ ಉರಿಯಿತು. ಮಧ್ಯಾಹ್ನ ಸಭಾಂಗಣ ನೋಡಲು ಬಂದವರಿಗೆ ಹೊಗೆಯಲ್ಲಿ ಗೋಡೆಯ ಚಿತ್ರಗಳು ಸರಿಯಾಗಿ ಕಾಣಲಿಲ್ಲ, ಬೂಟಿನ ಅಟ್ಟೆಯ ಮೂಲಕ ನೆಲ ಬಿಸಿ ಹತ್ತುತ್ತಿತ್ತು. ಆದರೂ ಯಾರೂ ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಸಂಜೆ ಆರರ ಹೊತ್ತಿಗೆ ಬೆಂಕಿ ಹೊರಗೆ ಬಿತ್ತು. ಬೆಳಗಾಗುವುದರೊಳಗೆ ಇಂಗ್ಲೆಂಡಿನ ಪಾರ್ಲಿಮೆಂಟಿನ ಬಹುಪಾಲು ಬೂದಿ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಜನ ನಮ್ಮಲ್ಲಿ ಮಾತ್ರ ಇದ್ದಾರೆಂದು ನಾನು ತಿಳಿದಿದ್ದೆ. ಆ ಕೋಲುಗಳನ್ನು ಅಕ್ಕಪಕ್ಕದ ಬಡವರಿಗೆ ಸೌದೆಗೆ ಕೊಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ಕಾದಂಬರಿಕಾರ ಡಿಕನ್ಸ್ 1855ರಲ್ಲಿ ಒಂದು ಭಾಷಣದಲ್ಲಿ ಗೇಲಿ ಮಾಡಿದ. ನಮ್ಮಜ್ಜಿಯೂ ಅದನ್ನೇ ಹೇಳುತ್ತಿದ್ದಳು.

ಸುಟ್ಟ ಜಾಗದಲ್ಲಿ ಹೊಸ ಕಟ್ಟಡ ಎದ್ದಿತು, ಅದರ ಒಂದು ತುದಿಗೆ ಗಡಿಯಾರದ ಗೋಪುರ. ಅದರ ಗಂಟೆಯೇ ಬಿಗ್ ಬೆನ್. ಜಗತ್ತಿಗೆಲ್ಲ ಸಮಯಪಾಲನೆ ಹೇಳಿಕೊಟ್ಟ ಗಂಟೆ ಹುಟ್ಟಿದ್ದು ಹಳೆಯ ಲೆಕ್ಕದ ಕೋಲುಗಳ ಬೂದಿಯಲ್ಲಿ. ಪ್ರತಿ ಗಂಟೆಯ ಮೊದಲ ಪೆಟ್ಟು ಒಂದು ಸೆಕೆಂಡಿನೊಳಗೆ ಸರಿಯಿರಬೇಕು ಎಂದು ಕರಾರು ಹಾಕಿದ್ದರು. 1859ರ ಜುಲೈನಲ್ಲಿ ಗಂಟೆ ಬಾರಿಸಲು ಶುರುವಾಯಿತು, ಸೆಪ್ಟೆಂಬರಿನಲ್ಲಿ ಬಿರುಕು ಬಿಟ್ಟಿತು. ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದು, ಆಮೇಲೆ ಅದನ್ನು ಸ್ವಲ್ಪ ತಿರುಗಿಸಿ, ಹಗುರವಾದ ಸುತ್ತಿಗೆ ಹಾಕಿ ಮತ್ತೆ ಹೊಡೆಸಿದರು. ಇವತ್ತಿಗೂ ಕೇಳಿಸುವುದು ಬಿರುಕಿನ ದನಿಯೇ. ಗಡಿಯಾರ ಹಿಂದೆ ಬಿದ್ದರೆ ಲೋಲಕದ ಮೇಲೆ ಹಳೆಯ ಕಾಲದ ಒಂದು ಪೆನ್ನಿ ನಾಣ್ಯ ಇಡುತ್ತಾರೆ. ಒಂದು ಪೆನ್ನಿಗೆ ದಿನಕ್ಕೆ 0.4 ಸೆಕೆಂಡು ವೇಗ ಹೆಚ್ಚುತ್ತದೆ. ಕೈಗೆ ಕಾಸು ಹಾಕಿದರೆ ಕೆಲಸ ಚುರುಕಾಗುವ ಪದ್ಧತಿಯನ್ನು ನಾವೇನೂ ಹೊಸದಾಗಿ ಕಂಡುಹಿಡಿಯಲಿಲ್ಲ. 1949ರಲ್ಲಿ ಒಮ್ಮೆ ಸ್ಟಾರ್ಲಿಂಗ್ ಹಕ್ಕಿಗಳ ಗುಂಪು ನಿಮಿಷದ ಮುಳ್ಳಿನ ಮೇಲೆ ಸಾಲಾಗಿ ಕೂತು, ಗಡಿಯಾರ ನಾಲ್ಕೂವರೆ ನಿಮಿಷ ಹಿಂದೆ ಬಿತ್ತು. ಅರ್ಲಿ ಬರ್ಡು ಎಂದು ನಾನು ನೂರಾರು ಸಲ ಬರೆದೆ. ಲೇಟು ಮಾಡಿಸಿದ ಬರ್ಡುಗಳ ವಿಷಯ ಯಾರೂ ಬರೆಸಲಿಲ್ಲ.

‘ಇಲೆವೆಂತ್ ಅವರ್’ ಬರೆಯುವಾಗಲಂತೂ ನಾನು ಮಹಾ ಪಾಪಿ ಎನ್ನಿಸುತ್ತಿತ್ತು. ಹನ್ನೊಂದನೆಯ ಗಂಟೆಯಲ್ಲಿ ಎದ್ದು ಬಿದ್ದು ಬರುವವನು, ಅಂದರೆ ನನ್ನಂಥವನು. ಅದರ ಮೂಲ ಬೈಬಲ್ಲಿನ ಮತ್ತಾಯನ ಸುವಾರ್ತೆಯ ಒಂದು ಸಾಮತಿ. ದ್ರಾಕ್ಷಿ ತೋಟದ ಯಜಮಾನ ಬೆಳಿಗ್ಗೆ ಕೂಲಿಯಾಳುಗಳನ್ನು ಕರೆದುಕೊಂಡು ಬರುತ್ತಾನೆ. ಮತ್ತೆ ಮತ್ತೆ ಪೇಟೆಗೆ ಹೋಗಿ ಇನ್ನಷ್ಟು ಜನರನ್ನು ಕರೆತರುತ್ತಾನೆ. ಹಗಲನ್ನು ಹನ್ನೆರಡು ಭಾಗ ಮಾಡಿದ ಕಾಲ ಅದು. ಹನ್ನೊಂದನೆಯ ಗಂಟೆ ಅಂದರೆ ಸಂಜೆ ಐದು. ಆ ಹೊತ್ತಿಗೆ ಬಂದವರು ಒಂದು ಗಂಟೆ ದುಡಿದರು. ಕೂಲಿ ಕೊಡುವಾಗ ಯಜಮಾನ ಎಲ್ಲರಿಗೂ ಒಂದೇ ಸಮ ಕೊಟ್ಟ, ಅದೂ ಕಡೆಗೆ ಬಂದವರಿಗೇ ಮೊದಲು! ಬೆಳಗಿನಿಂದ ದುಡಿದವರು ಗೊಣಗಿದರೆ, ನನ್ನ ದುಡ್ಡು, ನನ್ನಿಷ್ಟ ಅಂದ. ತಡವಾಗಿ ಬಂದವನಿಗೆ ಪೂರ್ತಿ ಕೂಲಿ ಕೊಟ್ಟ ಕತೆಯನ್ನು, ತಡವಾಗಿ ಬಂದವನಿಗೆ ಶಿಕ್ಷೆಯಾಗಿ ಬರೆಸಿದರಲ್ಲ! ಆಗಲೇ ಅರ್ಥ ಗೊತ್ತಿದ್ದರೆ ಎಂಥಾ ವಾದ ಹೂಡಬಹುದಿತ್ತು.

‘ಟೈಮ್ ಅಂಡ್ ಟೈಡ್’ ಯಾರಿಗೂ ಕಾಯುವುದಿಲ್ಲ ಎನ್ನುವುದನ್ನು ಮೇಷ್ಟ್ರು ಎರಡೂ ಕೈ ಎತ್ತಿ ಸಮುದ್ರದ ಅಲೆಯ ಹಾಗೆ ಅಲ್ಲಾಡಿಸಿ ವಿವರಿಸುತ್ತಿದ್ದರು. ಬಯಲುಸೀಮೆಯ ನಾವು ಸಮುದ್ರ ನೋಡಿರಲಿಲ್ಲ. ಮೇಷ್ಟ್ರ ಕೈಯೇ ಅರಬ್ಬೀ ಸಮುದ್ರ. ಆದರೆ ಈ ನುಡಿ ಹುಟ್ಟಿದಾಗ ಟೈಡ್ ಎಂದರೆ ಅಲೆಯೂ ಅಲ್ಲ, ಭರತವೂ ಅಲ್ಲ, ಅದೂ ಕಾಲವೇ. ಕ್ರಿಸ್‌ಮಸ್ ಕಾಲಕ್ಕೆ ಯೂಲ್‌ಟೈಡ್ ಎನ್ನುವುದಿಲ್ಲವೆ, ಹಾಗೆ. ನಾವು ಹೊತ್ತುಗೊತ್ತು ಎಂದು ಜೋಡಿಸುವ ಹಾಗೆ ಅವರು ಜೋಡಿಸಿದ್ದು. ಸಮುದ್ರ ಆಮೇಲೆ ನುಗ್ಗಿತು.

ಒಂದು ನುಡಿಗಟ್ಟನ್ನು ಮಾತ್ರ ಮೇಷ್ಟ್ರು ಬರೆಸಲಿಲ್ಲ, ಒಳ್ಳೆಯದೇ ಆಯಿತು. ಪತ್ರಿಕೆಯವರು, ಸಾಫ್ಟ್‌ವೇರಿನವರು ದಿನಕ್ಕೆ ಹತ್ತು ಸಲ ಉಚ್ಚರಿಸುವ ‘ಡೆಡ್‌ಲೈನ್’. ಅಮೆರಿಕದ ಅಂತರ್ಯುದ್ಧದಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್ ಎಂಬಲ್ಲಿ ಸೆರೆಸಿಕ್ಕ ಸೈನಿಕರ ಬಯಲು ಜೈಲಿತ್ತು. ಎತ್ತರದ ಮರದ ಗೋಡೆಯಿಂದ ಸುಮಾರು ಹತ್ತೊಂಬತ್ತು ಅಡಿ ಒಳಗೆ, ಸಣ್ಣ ಗೂಟಗಳ ಮೇಲೆ ತೆಳ್ಳನೆಯ ಅಡ್ಡಪಟ್ಟಿ ಹೊಡೆದ ಒಂದು ಗಡಿ. ಅದನ್ನು ದಾಟಿದವನನ್ನು ಕಾವಲುಗಾರ ಎಚ್ಚರಿಕೆಯನ್ನೂ ಕೊಡದೆ ಗುಂಡು ಹಾರಿಸಿ ಕೊಲ್ಲಬಹುದು. ಅದೇ ಡೆಡ್‌ಲೈನು. ಹದಿನಾಲ್ಕು ತಿಂಗಳಲ್ಲಿ ಅಲ್ಲಿಗೆ ಬಂದ ಸುಮಾರು 45,000 ಮಂದಿಯಲ್ಲಿ 13,000ದಷ್ಟು ಜನ ಸತ್ತರು, ಹೆಚ್ಚಿನವರು ಹಸಿವು ಮತ್ತು ರೋಗದಿಂದ. ಜೈಲಿನ ಅಧಿಕಾರಿ ಹೆನ್ರಿ ವಿರ್ಜ್‌ನನ್ನು 1865ರ ನವೆಂಬರಿನಲ್ಲಿ ಗಲ್ಲಿಗೇರಿಸಿದರು. ಆ ಶಬ್ದ ಪತ್ರಿಕಾ ಕಚೇರಿಗೆ ಬಂದು, ಬರಹ ಒಪ್ಪಿಸುವ ಗಳಿಗೆ ಎಂದು ಅರ್ಥ ಪಡೆದದ್ದು ಅರ್ಧ ಶತಮಾನ ಕಳೆದ ಮೇಲೆ. ನಮ್ಮ ‘ಗಡುವು’ ಎಷ್ಟೋ ವಾಸಿ. ಅದನ್ನು ಮುಂದಕ್ಕೆ ಹಾಕಬಹುದು.

ಹುಳ ಹಿಡಿಯುವ ಅರ್ಲಿ ಬರ್ಡು ಹದಿನೇಳನೆಯ ಶತಮಾನದ ಗಾದೆ. ಆಗ ಎದ್ದದ್ದು ಹಕ್ಕಿ, ತನ್ನಷ್ಟಕ್ಕೆ ತಾನೇ. ಕಾರ್ಖಾನೆಗಳು ಬಂದ ಮೇಲೆ ಮನುಷ್ಯರೂ ಹಕ್ಕಿಯ ಜೊತೆ ಏಳಬೇಕಾಯಿತು, ಅವರಿಗೆ ಎಚ್ಚರವಾಗುತ್ತಿರಲಿಲ್ಲ. ಅದಕ್ಕೆಂದೇ ಇಂಗ್ಲೆಂಡಿನ ಊರುಗಳಲ್ಲಿ ಎಬ್ಬಿಸುವವರು ಹುಟ್ಟಿಕೊಂಡರು. ವಾರಕ್ಕಿಷ್ಟು ಎಂದು ಕಾಸು ಪಡೆದು, ಕತ್ತಲಲ್ಲಿ ಬೀದಿ ಬೀದಿ ತಿರುಗಿ, ಉದ್ದನೆಯ ಬಿದಿರು ಕೋಲಿನಿಂದ ಮಹಡಿಯ ಕಿಟಕಿ ಕುಟ್ಟುವುದು ಇವರ ಕಸುಬು. ಪೂರ್ವ ಲಂಡನ್ನಿನಲ್ಲಿ ಮೇರಿ ಸ್ಮಿತ್ ಎಂಬ ಹೆಂಗಸು ಊದುಕೊಳವೆಯಲ್ಲಿ ಒಣ ಬಟಾಣಿ ಹಾಕಿ ಕಿಟಕಿಯ ಗಾಜಿಗೆ ಉಫ್ ಎಂದು ಹೊಡೆಯುತ್ತಿದ್ದಳು. ವಾರಕ್ಕೆ ಆರು ಪೆನ್ನಿ. ಕೆನ್ನೆ ಉಬ್ಬಿಸಿ ಕೊಳವೆ ಹಿಡಿದು ನಿಂತ ಅವಳ ಫೋಟೋ ಇದೆ. ನಮ್ಮಮ್ಮ ಇದನ್ನೇ ಒಂದು ಚೊಂಬು ತಣ್ಣೀರಿನಲ್ಲಿ ಪುಕ್ಕಟೆಯಾಗಿ ಮಾಡುತ್ತಿದ್ದಳು.

ಇನ್ನೊಬ್ಬಾಕೆ ರೂತ್ ಬೆಲ್ವಿಲ್. ಇವಳು ಮನೆಮನೆಗೆ ಮೊಸರು ಮಾರುವವಳ ಹಾಗೆ ಹೊತ್ತನ್ನು ಮಾರಿದವಳು. ವಾರಕ್ಕೊಮ್ಮೆ ಗ್ರೀನಿಚ್ ವೀಕ್ಷಣಾಲಯಕ್ಕೆ ಹೋಗಿ, ತನ್ನ ಕೈಚೀಲದಲ್ಲಿದ್ದ ಗಡಿಯಾರವನ್ನು ಅಲ್ಲಿಯದಕ್ಕೆ ಹೋಲಿಸಿ ಚೀಟಿ ಬರೆಸಿಕೊಂಡು, ಲಂಡನ್ನಿನ ಗಡಿಯಾರದಂಗಡಿಗಳಿಗೆ ಹೋಗಿ ತೋರಿಸುವುದು. ನೋಡಿ ತಮ್ಮದನ್ನು ಸರಿಮಾಡಿಕೊಂಡವರು ಕಾಸು ಕೊಡುವರು. ಅಪ್ಪ 1836ರಲ್ಲಿ ಶುರುಮಾಡಿದ ಕಸುಬು, ಅಪ್ಪನಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಬಂದು 1940ರ ತನಕ ನಡೆಯಿತು. ಆ ಗಡಿಯಾರಕ್ಕೆ ಅವರು ಆರ್ನಲ್ಡ್ ಎಂದು ಹೆಸರಿಟ್ಟಿದ್ದರು, ಮನೆಯ ಎತ್ತಿಗೆ ಇಡುವ ಹಾಗೆ. ಅಂದರೆ ಬಿಗ್ ಬೆನ್ ಬಾರಿಸುತ್ತಿದ್ದ ಊರಿನಲ್ಲೇ ಸರಿಯಾದ ಹೊತ್ತು ಗೊತ್ತಿಲ್ಲದ ಗಡಿಯಾರದಂಗಡಿಯವರು ಅಷ್ಟು ಮಂದಿ ಇದ್ದರು.

ಇಷ್ಟೆಲ್ಲ ಓದಿದ ಮೇಲೆ ನನಗೆ ಒಂದು ಅನುಮಾನ ಬಲಿಯಿತು. ಇಂಗ್ಲಿಷಿನವರು ಹುಟ್ಟಾ ಪಂಕ್ಚುವಲ್ ಜನ ಅಲ್ಲವೇ ಅಲ್ಲ. ಅವರನ್ನು ಎಳೆದು ಸರಿದಾರಿಗೆ ಹಚ್ಚಿದ್ದು ರೈಲು. ಅದಕ್ಕೆ ಮೊದಲು ಊರೂರಿಗೂ ಅದರದರ ಸೂರ್ಯ, ಅದರದರ ಹನ್ನೆರಡು ಗಂಟೆ. ಬ್ರಿಸ್ಟಲ್ ಲಂಡನ್ನಿಗಿಂತ ಹತ್ತು ನಿಮಿಷ ಹಿಂದೆ. 1840ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯವರು ತಮ್ಮ ನಿಲ್ದಾಣಗಳಲ್ಲೆಲ್ಲ ಲಂಡನ್ ಹೊತ್ತೇ ಎಂದರು. ಬ್ರಿಸ್ಟಲ್‌ನವರು ಜಗ್ಗಲಿಲ್ಲ, ಹನ್ನೆರಡು ವರ್ಷ ಎಳೆದಾಡಿ 1852ರಲ್ಲಿ ಒಪ್ಪಿದರು. ಅಲ್ಲಿನ ಕಾರ್ನ್ ಎಕ್ಸ್‌ಚೇಂಜಿನ ಗಡಿಯಾರಕ್ಕೆ ಇವತ್ತಿಗೂ ನಿಮಿಷದ ಮುಳ್ಳು ಎರಡು. ಕೆಂಪಿನದು ಗ್ರೀನಿಚ್ಚಿನದು, ಕಪ್ಪಿನದು ಬ್ರಿಸ್ಟಲ್ಲಿನದು. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜು ಇನ್ನೂ ಒಪ್ಪಿಲ್ಲ; ಅಲ್ಲಿನ ಕೆಥೆಡ್ರಲ್ಲಿನ ಪ್ರಾರ್ಥನೆಗಳು ಇಂದಿಗೂ ಐದು ನಿಮಿಷ ಹಿಂದಿನ ಆಕ್ಸ್‌ಫರ್ಡ್ ಹೊತ್ತಿಗೇ ನಡೆಯುತ್ತವೆ. ಆ ಕಾಲೇಜಿನಲ್ಲಿ ಗಣಿತ ಪಾಠ ಹೇಳುತ್ತಿದ್ದ ಮೇಷ್ಟ್ರೇ ಲೂಯಿಸ್ ಕ್ಯಾರೊಲ್. ಜೇಬಿನಿಂದ ಗಡಿಯಾರ ತೆಗೆದು ನೋಡಿಕೊಂಡು ತಡವಾಯಿತೆಂದು ಗೋಳಾಡುತ್ತ ಓಡುವ ಬಿಳಿ ಮೊಲವನ್ನು ಆಲಿಸ್‌ಳ ಕತೆಯಲ್ಲಿ ಬರೆದವನು. ಎರಡು ಹೊತ್ತಿನ ನಡುವೆ ಸಂಸಾರ ಮಾಡಿದವನಿಗೆ ಆ ಮೊಲದ ಸಂಕಟ ಗೊತ್ತಿದ್ದಿರಬೇಕು.

ನನ್ನ ಪ್ರೀತಿಯ ಪ್ರಸಂಗ ಮಾತ್ರ 1858ರದು, ಡಾರ್ಚೆಸ್ಟರ್ ಊರಿನದು. ಹತ್ತು ಗಂಟೆಗೆ ಕೋರ್ಟು. ಹತ್ತು ದಾಟಿ ಆರು ನಿಮಿಷವಾದರೂ ಪ್ರತಿವಾದಿ ಬರಲಿಲ್ಲವೆಂದು ನ್ಯಾಯಾಧೀಶ ವಾದಿಯ ಪರ ತೀರ್ಪು ಕೊಟ್ಟೇಬಿಟ್ಟ. ಅಷ್ಟರಲ್ಲಿ ಪ್ರತಿವಾದಿ ಒಳಗೆ ಬಂದ. ಸ್ವಾಮಿ, ಇದು ಗ್ರೀನಿಚ್ ಹತ್ತು, ನಮ್ಮೂರ ಗಡಿಯಾರದಲ್ಲಿ ಇನ್ನೂ ಹತ್ತು ಹೊಡೆದಿಲ್ಲ ಎಂದು ತಕರಾರು ತೆಗೆದ. ಮೇಲಿನ ಕೋರ್ಟಿಗೆ ಹೋಯಿತು. ಅದು ಎಕ್ಸ್‌ಚೆಕರ್ ಕೋರ್ಟು, ಕಚ್ಚಿನ ಕೋಲುಗಳ ಖಜಾನೆಯ ಹೆಸರಿನದೇ. ಹತ್ತು ಗಂಟೆ ಅಂದರೆ ಆಯಾ ಊರಿನ ಹತ್ತು ಗಂಟೆ, ಆ ಮನುಷ್ಯ ಲೇಟಾಗಿಲ್ಲ ಎಂದು ತೀರ್ಪಾಯಿತು. ದೇಶಕ್ಕೆಲ್ಲ ಒಂದೇ ಹೊತ್ತು ಎಂಬ ಕಾನೂನು ಬಂದದ್ದು 1880ರಲ್ಲಿ.

ಈ ಕತೆ ನಮ್ಮಲ್ಲೂ ನಡೆದಿದೆ. 1906ರಲ್ಲಿ ಈಗಿನ ಇಂಡಿಯನ್ ಟೈಮ್ ಬರುವ ತನಕ ದೇಶದ ರೈಲುಗಳು ಓಡಿದ್ದು ಮದರಾಸಿನ ಹೊತ್ತಿಗೆ. ಮದರಾಸಿನ ಸೂರ್ಯನಿಗಿಂತ ಬೆಂಗಳೂರಿನ ಸೂರ್ಯ ಹತ್ತೂವರೆ ನಿಮಿಷ ಹಿಂದೆ, ಹೆಚ್ಚುಕಡಿಮೆ ಲಂಡನ್ನಿಗೂ ಬ್ರಿಸ್ಟಲ್ಲಿಗೂ ಇರುವಷ್ಟೇ ಅಂತರ. ಈಗಿನ ಇಂಡಿಯನ್ ಟೈಮ್ ಇನ್ನೂ ಪೂರ್ವಕ್ಕೆ, ಮಿರ್ಜಾಪುರದ ಕಡೆಯ ರೇಖೆಗೆ ಕಟ್ಟಿದ್ದು. ಅದರ ಲೆಕ್ಕದಲ್ಲಿ ನಮ್ಮ ಕಡೆಯ ಸೂರ್ಯ ಸರಾಸರಿ ಇಪ್ಪತ್ತು ನಿಮಿಷ ಲೇಟು. ದಿನಾ. ಯಾವ ಜಗಲಿಯ ಮೇಲೂ ನಿಲ್ಲಿಸದೆ.

ಇಪ್ಪತ್ತು ನಿಮಿಷ! ನಾನು ಶಾಲೆಗೆ ತಡವಾಗುತ್ತಿದ್ದದ್ದು ಹತ್ತು, ಹೆಚ್ಚೆಂದರೆ ಹದಿನೈದು. ನಮ್ಮ ಶಾಲೆಯಲ್ಲಿ ಬೆಲ್ ಅಂದರೆ ಹೊಂಗೆ ಮರಕ್ಕೆ ತಂತಿಯಲ್ಲಿ ನೇತುಹಾಕಿದ್ದ ಒಂದು ಗೇಣುದ್ದದ ರೈಲು ಕಂಬಿಯ ತುಂಡು. ಜವಾನ ಅದಕ್ಕೆ ಕಬ್ಬಿಣದ ಗೂಟದಲ್ಲಿ ಹೊಡೆಯುತ್ತಿದ್ದ. ಬ್ರಿಸ್ಟಲ್ಲಿನವರ ಹತ್ತು ನಿಮಿಷ ಕಿತ್ತುಕೊಂಡ ರೈಲಿನದೇ ಒಂದು ತುಂಡು ಇಲ್ಲಿಗೂ ಬಂದು ಮರ ಹತ್ತಿ ಕೂತು ನನ್ನ ಇಪ್ಪತ್ತು ನಿಮಿಷ ಕಿತ್ತುಕೊಂಡಿತ್ತು. ಅನ್ಯಾಯ ಸಾಬೀತಾದಂತಾಯಿತು.

ಮೇಷ್ಟ್ರು ಈಗ ಮಗಳ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ. ಕಿವಿ ಸ್ವಲ್ಪ ಮಂದ, ಎಡಗೈಯಲ್ಲಿ ಅದೇ ಎಚ್ಚೆಮ್ಟಿ. ನಾಲ್ಕು ಗಂಟೆಗೆ ಬಾ ಅಂದಿದ್ದರು. ಹೋದಾಗ ನಾಲ್ಕೂಕಾಲು. ಕೈ ಎತ್ತಿ ನೋಡಿಕೊಂಡರು. ನಾನು ಅಭ್ಯಾಸಬಲದಿಂದ ಹೊಸ್ತಿಲಾಚೆಯೇ ನಿಂತೆ. “ಬಾರಯ್ಯ ಒಳಗೆ” ಅಂದ ಮೇಲೆ ಕೂತು, ಕಾಫಿ ಬರುವುದರೊಳಗೆ ಬ್ರಿಸ್ಟಲ್ಲಿನ ಎರಡು ಮುಳ್ಳು, ಡಾರ್ಚೆಸ್ಟರ್ ತೀರ್ಪು, ಮದರಾಸಿನ ಸೂರ್ಯ ಎಲ್ಲವನ್ನೂ ಒಪ್ಪಿಸಿ, “ಅಂದರೆ ಸಾರ್, ಸೂರ್ಯನ ಲೆಕ್ಕದಲ್ಲಿ ನಾನು ಒಂದು ದಿನವೂ ಲೇಟಾಗಿ ಬಂದಿಲ್ಲ” ಅಂದೆ.

ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ.

“ಕೇಳಿಸ್ತಯ್ಯ” ಅಂದರು. “ಬೆಳಿಗ್ಗೆ ಸೂರ್ಯನ ಲೆಕ್ಕ, ಸರಿ. ಸಂಜೆ ನಾಲ್ಕೂವರೆಗೆ ಲಾಂಗ್ ಬೆಲ್ ಹೊಡೆದಾಗ ಎಲ್ಲರಿಗಿಂತ ಮುಂದೆ ಓಡ್ತಿದ್ದೆಯಲ್ಲ, ಅದು ಯಾರ ಲೆಕ್ಕ?”